ಡ್ರಿಲ್ ಪ್ರೆಸ್ ಕೆಳಗೆ ಡ್ರಾಯರ್ ಕ್ಯಾಬಿನೆಟ್: ಮಗುಚದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ:
ಬೆಂಚ್ ಮೇಲಿಡುವ ಡ್ರಿಲ್ ಪ್ರೆಸ್‌ಗೆ (ನೆಟ್ಟಗೆ ತೂತು ಕೊರೆಯುವ ಯಂತ್ರ) ಅಂತಲೇ ಒಂದು ಕ್ಯಾಬಿನೆಟ್ ಮಾಡುತ್ತಿದ್ದೇನೆ. 18 ಮಿ.ಮೀ. ಪ್ಲೈವುಡ್, ಒಳಗಿನ ಅಗಲ 400 ಮಿ.ಮೀ., ಮೂರು ಡ್ರಾಯರ್, ಅಡಿಯಲ್ಲಿ ಚಕ್ರ. ಮೋಟಾರಿನ ಭಾರವೆಲ್ಲ ಮೇಲೇ ಇರುವುದರಿಂದ ಡ್ರಾಯರ್ ಪೂರ್ತಿ ಎಳೆದಾಗ ಇಡೀ ಕ್ಯಾಬಿನೆಟ್ ಮುಂದಕ್ಕೆ ವಾಲಿಬಿಟ್ಟರೆ ಅಂತ ಭಯ. ಇನ್ನೊಂದು, ಡ್ರಾಯರ್ ಎಷ್ಟು ಅಗಲ ಇರಬೇಕು?

ಉತ್ತರ 1:
ನಿಮ್ಮ ಭಯ ಸರಿಯೇ. ಭಾರದ ಸಾಮಾನು ಕೆಳಗಿಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಡ್ರಾಯರನ್ನೇ ಹೊರಗೆ ಎಳೆದರೆ ಭಾರವೂ ಮುಂದಕ್ಕೆ ಬರುತ್ತದೆ ಅಲ್ವಾ? ನಾನು ಕೆಳಗಿನ ಡ್ರಾಯರ್ ಉದ್ದ ಕಡಿಮೆ ಮಾಡಿ, ಹಿಂದೆ ಉಳಿದ ಜಾಗದಲ್ಲಿ ಮರಳು ಚೀಲ ಇಟ್ಟೆ. ಮೇಲಿನ ಹಲಗೆಗೆ ಎರಡು ಪ್ಲೈ ಅಂಟಿಸಿ 36 ಮಿ.ಮೀ. ಮಾಡಿ. ಮೆಷಿನ್ನಿಗೆ ಮರದ ಸ್ಕ್ರೂ ಬೇಡ, ಆರಪಾರ ಬೋಲ್ಟ್ ಹಾಕಿ, ಕೆಳಗೆ ದೊಡ್ಡ ವಾಷರ್ ಕೊಡಿ.

ಉತ್ತರ 2:
ಡ್ರಾಯರ್ ಜಾರಲು ಬದಿಗೆ ಹಾಕುವ ಮಾಮೂಲಿ ಬಾಲ್ ಬೇರಿಂಗ್ ಚಾನೆಲ್ ಆದರೆ ಒಂದೊಂದು ಬದಿಗೆ ಸುಮಾರು 12.7 ಮಿ.ಮೀ. ಬೇಕು. ಅಂದರೆ ಡ್ರಾಯರ್ ಹೊರ ಅಗಲ 374 ಮಿ.ಮೀ. ಇಡಿ. ಆದರೆ ಮೊದಲು ಹೊರಗಿನ ಪೆಟ್ಟಿಗೆ ಜೋಡಿಸಿ, ಅಳೆದು, ಆಮೇಲೆ ಡ್ರಾಯರ್ ಕತ್ತರಿಸಿ. ನಾನು ಜಾಣತನ ಮಾಡಿ ಡ್ರಾಯರನ್ನೇ ಮೊದಲು ಮಾಡಿ, ಮೂರನ್ನೂ ಬಿಚ್ಚಿ ಕೂತಿದ್ದೆ!

ಉತ್ತರ 3:
ಹಿಂಬದಿಗೆ 6 ಮಿ.ಮೀ. ಪ್ಲೈ ಅಂಟು ಹಾಕಿ ಬಿಗಿಯಾಗಿ ಕೂರಿಸಿ, ಇಲ್ಲದಿದ್ದರೆ ಪೆಟ್ಟಿಗೆ ಓರೆಯಾಗಿ ಡ್ರಾಯರ್ ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಲಾಕ್ ಇರಲಿ.

ಪ್ರಶ್ನೆ ಕೇಳಿದವರು:
ಮರಳು ಚೀಲ ಹೊಳೆದೇ ಇರಲಿಲ್ಲ. ಡ್ರಾಯರ್ ಇನ್ನೂ ಕತ್ತರಿಸಿಲ್ಲ, ಸದ್ಯ ಬಚಾವ್.