ಬೀದಿ ಬೆಕ್ಕಿನ ಮರಿಗಳ ಕಣ್ಣು ಕೀವಿನಿಂದ ಅಂಟಿಕೊಂಡಿವೆ, ಡಾಕ್ಟರ್ ಸಿಗುವವರೆಗೆ ಏನು ಮಾಡಲಿ?

ಪ್ರಶ್ನೆ:

ಮನೆ ಹಿಂದೆ ಹಳೆ ಸಾಮಾನು ಇಟ್ಟಿರುವ ಜಾಗದಲ್ಲಿ ಒಂದು ಬೀದಿ ಬೆಕ್ಕು ಮೂರು ಮರಿ ಹಾಕಿದೆ. ಐದು ವಾರದವು ಇರಬಹುದು, ಓಡಾಡಲು ಶುರು ಮಾಡಿವೆ. ಒಂದಕ್ಕೆ ಎರಡೂ ಕಣ್ಣು ಅಂಟಿಕೊಂಡಿವೆ, ಹಳದಿ ಗೀಜು ಒಣಗಿ ಗಟ್ಟಿಯಾಗಿದೆ. ಇನ್ನೊಂದು ಎಡಗಣ್ಣನ್ನು ಅರ್ಧ ಮಾತ್ರ ತೆರೆಯುತ್ತದೆ, ಗುಡ್ಡೆ ಮೇಲೆ ನೀಲಿ ಬಿಳಿ ಮಬ್ಬು ಕಾಣುತ್ತದೆ. ಮೂರನೆಯದು ಸೀನುತ್ತದೆ, ಕಣ್ಣಲ್ಲಿ ಬರೀ ನೀರು. ಡಾಕ್ಟರ್ ಸಿಗೋದು ನಾಳೆ ಬೆಳಿಗ್ಗೆ. ನಾನು ಹಿಂದೆ ಬಳಸಿ ಉಳಿದ ಕಣ್ಣಿನ ಡ್ರಾಪ್ಸ್ ಮನೆಯಲ್ಲಿದೆ, ಅದರ ಮೇಲೆ ಒಂದು ಆಂಟಿಬಯಾಟಿಕ್ ಹೆಸರಿನ ಜೊತೆ ಡೆಕ್ಸಾಮೆಥಾಸೋನ್ ಅಂತ ಬರೆದಿದೆ. ಅಲ್ಲಿಯವರೆಗೆ ಅದನ್ನೇ ಹಾಕಬಹುದಾ? ನಮ್ಮದೇ ಒಂದು ಸಾಕಿದ ಬೆಕ್ಕೂ ಇದೆ, ಅದಕ್ಕೂ ಬರುತ್ತಾ ಅಂತ ಭಯ.

ಉತ್ತರ:

ಆ ಡ್ರಾಪ್ಸ್ ಹಾಕಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಸರಿ, ಇದೊಂದು ಮೊದಲು. ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್. ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ದರೂ ಅದೇ ಜಾತಿ. ಕೆಂಪು, ಊತ ಬೇಗ ಇಳಿಸುತ್ತವೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಕಾರ್ನಿಯಾದಲ್ಲಿ, ಅಂದರೆ ಕಣ್ಣುಗುಡ್ಡೆಯ ಮುಂದಿರುವ ಆ ತಿಳಿಯಾದ ಪದರದಲ್ಲಿ ಹುಣ್ಣಿದ್ದರೆ ಸ್ಟೀರಾಯ್ಡ್ ಅದನ್ನು ಮಾಯಲು ಬಿಡುವುದಿಲ್ಲ. ಹುಣ್ಣು ಆಳಕ್ಕೆ ಇಳಿದು ಕಣ್ಣು ತೂತಾಗಬಹುದು. ಇಷ್ಟು ಚಿಕ್ಕ ಮರಿಗಳಲ್ಲಿ ಕಣ್ಣು, ಮೂಗು ಎರಡೂ ಕೆಟ್ಟಿದ್ದರೆ ಬಹಳ ಸಲ ಮೂಲ ಬೆಕ್ಕಿನ ಹರ್ಪಿಸ್ ವೈರಸ್, ಮತ್ತು ಕಾರ್ನಿಯಾದಲ್ಲಿ ಹುಣ್ಣು ಮಾಡುವುದೇ ಅದರ ಗುಣ. ಹಾಗಾಗಿ ಹುಣ್ಣಿಲ್ಲ ಅಂತ ಡಾಕ್ಟರ್ ನೋಡಿ ಹೇಳುವವರೆಗೆ ಸ್ಟೀರಾಯ್ಡ್ ಹತ್ತಿರವೂ ಬರಬಾರದು.

ಮೂರರಲ್ಲಿ ನನಗೆ ಜಾಸ್ತಿ ಚಿಂತೆ ಆಗಿರುವುದು ಎರಡನೆಯ ಮರಿಯದು. ಅಂಟಿಕೊಂಡ ಕಣ್ಣು ನೋಡಲು ಭಯಂಕರ, ಆದರೆ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬು ಕಟ್ಟಿದೆ, ಕಣ್ಣು ಕಿರಿದು ಮಾಡುತ್ತಿದೆ ಅಂದರೆ ಕಾರ್ನಿಯಾಕ್ಕೆ ಪೆಟ್ಟಾಗಿದೆ, ನೋವೂ ಇದೆ ಅಂತ ಅರ್ಥ. ಇದು ಕಾಯುವ ವಿಷಯ ಅಲ್ಲ. ನಾಳೆ ಮೊದಲ ಸರದಿ ಇದರದ್ದೇ ಆಗಲಿ. ರಾತ್ರಿಯಲ್ಲಿ ಗುಡ್ಡೆ ಮುಂದೆ ಉಬ್ಬಿ ಬಂದರೆ, ಕಣ್ಣೊಳಗಿಂದ ಕಪ್ಪಗೆ ಏನೋ ಹೊರಗೆ ಚಾಚಿದ ಹಾಗೆ ಕಂಡರೆ, ರಕ್ತ ಕಂಡರೆ, ನಾಳೆವರೆಗೆ ನಿಲ್ಲಬೇಡಿ. ತುರ್ತು ಚಿಕಿತ್ಸೆ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೊರಡಿ. ಆ ಕಣ್ಣನ್ನು ಬೆರಳಲ್ಲಿ ಒತ್ತಬೇಡಿ, ಉಜ್ಜಬೇಡಿ.

ಈಗ ಅಂಟಿಕೊಂಡ ಕಣ್ಣು. ಇದನ್ನು ಇವತ್ತೇ ಬಿಡಿಸಬೇಕು, ಯಾಕೆಂದರೆ ಮುಚ್ಚಿದ ರೆಪ್ಪೆಯ ಹಿಂದೆ ಕೀವು ನಿಂತಷ್ಟೂ ಕಾರ್ನಿಯಾ ಅದರಲ್ಲೇ ನೆನೆಯುತ್ತಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 0.9 ಪರ್ಸೆಂಟ್ ಸಲೈನ್ ಒಳ್ಳೆಯದು. ಇಲ್ಲದಿದ್ದರೆ ಕುದಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ತಲೆ ಕಟ್ಟದೆ ಸಮ ಮಾಡಿ ಹಾಕಿ, ಪೂರ್ತಿ ಕರಗಿಸಿ. ಮುಂಗೈ ಒಳಗೆ ಹಾಕಿಕೊಂಡರೆ ಹದ ಬೆಚ್ಚಗೆ ಅನಿಸಬೇಕು, ಸುಡಬಾರದು. ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಮುಖ ಮಾತ್ರ ಹೊರಗೆ ಬಿಡಿ. ಗಾಜ್ ಬಟ್ಟೆ ಅಥವಾ ಹತ್ತಿಯನ್ನು ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಸುಮ್ನೆ ಇಟ್ಟು ಹಿಡಿದುಕೊಳ್ಳಿ. ಮೂರು ನಾಲ್ಕು ನಿಮಿಷ. ಆರಿದರೆ ಬೇರೆಯದು. ಮೊದಲು ಹೊರಗಿನ ಹಕ್ಕಳೆ ಬಣ್ಣ ಬದಲಾಗಿ ಮೆತ್ತಗಾಗುತ್ತದೆ, ಆಮೇಲೆ ಮೂಗಿನ ಕಡೆಯ ಮೂಲೆಯಲ್ಲಿ ರೆಪ್ಪೆ ಸ್ವಲ್ಪ ಬಿರಿಯುತ್ತದೆ, ಅಲ್ಲಿಂದ ದಪ್ಪ ಹಳದಿ ಕೀವು ಎಳೆಯಾಗಿ ಹೊರಗೆ ಬರುತ್ತದೆ. ಅದನ್ನು ಮೂಗಿನ ಕಡೆಯಿಂದ ಕಿವಿ ಕಡೆಗೆ ಒಂದೇ ಸಲ ಒರೆಸಿ ಆ ಹತ್ತಿ ಎಸೆಯಿರಿ. ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿ ಇನ್ನೊಂದು ಕಣ್ಣಿಗೆ ಹೋಗಬಾರದು. ಒಣಗಿದ್ದನ್ನು ಉಗುರಲ್ಲಿ ಕೀಳಬೇಡಿ, ರೆಪ್ಪೆಯ ಕೂದಲು, ಚರ್ಮ ಎರಡೂ ಕಿತ್ತು ಬರುತ್ತವೆ. ಎಷ್ಟು ನೆನೆಸಿದರೂ ಬಿಡದಿದ್ದರೆ ಬಲವಂತ ಮಾಡದೆ ಡಾಕ್ಟರಿಗೆ ಬಿಡಿ.

ಹಾಲು, ಜೇನು, ಟೀ ಡಿಕಾಕ್ಷನ್, ಬೋರಿಕ್ ಪುಡಿ, ಇವ್ಯಾವೂ ಬೇಡ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡುವ ಯೋಚನೆಯೂ ಬೇಡ, ಬೆಕ್ಕಿಗೆ ಅದು ವಿಷ, ಚೂರು ಸಾಕು ಸಾಯಲು.

ಇನ್ನೊಂದು ಮಾತು, ಎಲ್ಲರೂ ಕಣ್ಣನ್ನೇ ನೋಡುತ್ತಾ ಕೂರುತ್ತಾರೆ, ಮರಿ ಸಾಯುವುದು ಮಾತ್ರ ಸಾಮಾನ್ಯವಾಗಿ ಹೊಟ್ಟೆಗಿಲ್ಲದೆ, ಮೈ ತಣ್ಣಗಾಗಿ. ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ತಟ್ಟೆ ಮುಂದಿಟ್ಟರೂ ಮುಟ್ಟುವುದಿಲ್ಲ. ಅದೇ ರೀತಿ ಬೇರೆ ಒದ್ದೆ ಹತ್ತಿಯಿಂದ ಮೂಗೂ ಬಿಡಿಸಿ, ಊಟ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಿ, ಆಮೇಲೆ ತಿನ್ನಿಸಿ. ತಣ್ಣಗಿರುವ ಮರಿಗೆ ಜೀರ್ಣ ಆಗುವುದಿಲ್ಲ. ಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ, ಸೆಕೆಯಾದರೆ ಸರಿದುಕೊಳ್ಳಲು ಜಾಗ ಇರಲಿ.

ನಿಮ್ಮ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಈ ವೈರಸ್ ಕೈ, ಬಟ್ಟೆ, ತಟ್ಟೆ ಮೂಲಕವೂ ಹೋಗುತ್ತದೆ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದು, ಮೇಲಿನ ಅಂಗಿ ಬದಲಾಯಿಸಿ ನಿಮ್ಮ ಬೆಕ್ಕಿನ ಹತ್ತಿರ ಹೋಗಿ. ಅದಕ್ಕೆ ಲಸಿಕೆ ಆಗಿದ್ದರೆ ರೋಗ ಬಂದರೂ ಹೆಚ್ಚಾಗಿ ಜೋರಾಗಿ ಕಾಡುವುದಿಲ್ಲ. ಇನ್ನು ಬೀದಿ ಬೆಕ್ಕು ಕಚ್ಚಿದರೆ, ಪರಚಿದರೆ, ಸೋಪು ನೀರಲ್ಲಿ 15 ನಿಮಿಷ ತೊಳೆದು ರೇಬೀಸ್ ಲಸಿಕೆ ಬಗ್ಗೆ ಅದೇ ದಿನ ವಿಚಾರಿಸಿ. ಚಿಕ್ಕ ಮರಿ ಅಂತ ಬಿಡಬೇಡಿ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಅಂಟಿದ ಕಣ್ಣು ಎರಡೂ ಬಿಟ್ಟವು, ಒಳಗೆ ಗುಡ್ಡೆ ತಿಳಿಯಾಗಿದೆ ಅಂದರು ಡಾಕ್ಟರ್. ಎರಡನೆಯ ಮರಿಗೆ ಏನೋ ಬಣ್ಣ ಹಾಕಿ ನೋಡಿದರು, ಹಸಿರಾಗಿ ಹೊಳೆಯಿತು, ಹುಣ್ಣು ಅಂದರು. ಆಂಟಿಬಯಾಟಿಕ್ ಮುಲಾಮು ದಿನಕ್ಕೆ ನಾಲ್ಕು ಸಲ, ಹುಣ್ಣಿನ ಮರಿಗೆ ಜೊತೆಗೆ ಒಂದು ಡ್ರಾಪ್ಸ್, ಮತ್ತೆ ಮೂರಕ್ಕೂ ಡಾಕ್ಸಿಸೈಕ್ಲಿನ್ ಸಿರಪ್. ತೊಂದರೆ ಏನೆಂದರೆ ಮುಲಾಮು ಹಾಕಲು ಆಗುತ್ತಲೇ ಇಲ್ಲ, ಅರ್ಧ ಕೆನ್ನೆ ಮೇಲೆ, ಅರ್ಧ ನನ್ನ ಕೈ ಮೇಲೆ. ವೈರಸ್ ಅಂದಮೇಲೆ ಆಂಟಿಬಯಾಟಿಕ್ ಯಾಕೆ ಅನ್ನೋದೂ ಅರ್ಥ ಆಗಲಿಲ್ಲ. ತಾಯಿ ಬೆಕ್ಕು ಹೊರಗೆ ಕೂಗುತ್ತಿದೆ.

ಉತ್ತರ:

ತಾಯಿಯನ್ನು ಬೇರೆ ಮಾಡಬೇಡಿ, ಅದು ಹತ್ತಿರ ಬರುವುದಾದರೆ. ಮರಿಗಳಿರುವ ಕೋಣೆಗೆ ಅದನ್ನೂ ಸೇರಿಸಿಕೊಂಡರೆ ಹಾಲು, ಬಿಸುಪು, ನೆಕ್ಕಿ ಒಪ್ಪ ಮಾಡುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಬಹುಶಃ ರೋಗ ಬಂದಿರುವುದೂ ಅದರಿಂದಲೇ. ಹರ್ಪಿಸ್ ಒಮ್ಮೆ ಬಂದ ಬೆಕ್ಕಿನ ಮೈಯಲ್ಲಿ ಸಾಮಾನ್ಯವಾಗಿ ಜೀವನಪೂರ್ತಿ ಅಡಗಿರುತ್ತದೆ, ಹೆರಿಗೆ, ಹಾಲೂಡಿಸುವ ಸುಸ್ತಿನಲ್ಲಿ ಮತ್ತೆ ಎದ್ದು ಹೊರಗೆ ಬರುತ್ತದೆ. ಅದಕ್ಕೂ ಔಷಧಿ ಬೇಕಾ ಅಂತ ಡಾಕ್ಟರನ್ನು ಕೇಳಿ.

ಮುಲಾಮು ಹಾಕುವಾಗ ಎದುರಿಂದ ಹೋಗಬೇಡಿ. ಟ್ಯೂಬಿನ ಮೂತಿ ಮುಖಕ್ಕೆ ನೇರ ಬರುವುದು ಕಂಡರೆ ಯಾವ ಮರಿಯೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ತೊಡೆ ಮೇಲೆ ಕೂರಿಸಿ. ಟ್ಯೂಬನ್ನು ಮೊದಲೇ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರೆ ಮುಲಾಮು ಸಡಿಲವಾಗಿರುತ್ತದೆ. ಎಡಗೈ ಗದ್ದದ ಕೆಳಗೆ ಇಟ್ಟು ತಲೆ ಮೇಲೆತ್ತಿ, ಅದೇ ಕೈಯ ಹೆಬ್ಬೆರಳಲ್ಲಿ ಕೆಳರೆಪ್ಪೆ ಕೆಳಗೆ ಎಳೆದರೆ ಗುಲಾಬಿ ಬಣ್ಣದ ಸಣ್ಣ ಚೀಲ ಕಾಣುತ್ತದೆ. ಬಲಗೈಯನ್ನು ಅದರ ನೆತ್ತಿ ಮೇಲೆ ಊರಿ, ಹಿಂದಿನಿಂದ ಮುಲಾಮಿನ ಒಂದು ಅಕ್ಕಿ ಕಾಳಿನಷ್ಟು ಎಳೆ ಆ ಚೀಲದಲ್ಲಿ ಬಿಡಿ. ಕೈ ನೆತ್ತಿ ಮೇಲೆ ಊರಿದ್ದರೆ ಮರಿ ತಲೆ ಅಲ್ಲಾಡಿಸಿದಾಗ ನಿಮ್ಮ ಕೈಯೂ ಜೊತೆಗೇ ಅಲ್ಲಾಡುತ್ತದೆ, ಮೂತಿ ಕಣ್ಣಿಗೆ ಚುಚ್ಚುವುದಿಲ್ಲ. ಆಮೇಲೆ ರೆಪ್ಪೆ ಮುಚ್ಚಿ ಬಿಟ್ಟರೆ ಕರಗಿ ಹರಡುತ್ತದೆ. ಹುಣ್ಣಿನ ಮರಿಗೆ ಡ್ರಾಪ್ಸ್ ಮೊದಲು, ಐದು ನಿಮಿಷ ಬಿಟ್ಟು ಮುಲಾಮು. ತಿರುಗಾಮುರುಗಾ ಮಾಡಿದರೆ ಮುಲಾಮಿನ ಜಿಡ್ಡಿನ ಮೇಲೆ ಡ್ರಾಪ್ಸ್ ನಿಲ್ಲದೆ ಜಾರಿಹೋಗುತ್ತದೆ. ಕೀವು ಇದ್ದರೆ ಮೊದಲು ಒರೆಸಿ, ಇಲ್ಲದಿದ್ದರೆ ಔಷಧಿ ಬರೀ ಕೀವಿಗೆ ಹಾಕಿದ ಹಾಗಾಗುತ್ತದೆ.

ಆಂಟಿಬಯಾಟಿಕ್ ಯಾಕೆ ಅಂದರೆ, ವೈರಸ್ ಮಾಡಿದ ಗಾಯದಲ್ಲಿ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಆ ಹಳದಿ ಕೀವಿಗೆ ಹೆಚ್ಚಾಗಿ ಅವೇ ಕಾರಣ. ಕ್ಲಮೈಡಿಯಾ, ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗಳೇ ಮೂಲ ಆಗಿರುವುದೂ ಉಂಟು, ಅವಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಔಷಧಿ. ವೈರಸ್ಸಿಗೇ ಕೊಡುವ ಔಷಧಿಯೂ ಇದೆ, ಫ್ಯಾಮ್‌ಸೈಕ್ಲೊವಿರ್. ಹುಣ್ಣು ಬೇಗ ಬಗ್ಗದಿದ್ದರೆ ಅದರ ಬಗ್ಗೆ ಡಾಕ್ಟರನ್ನು ಕೇಳಿ. ಆದರೆ ಮನುಷ್ಯರು ನುಂಗುವ ಅಸೈಕ್ಲೊವಿರ್ ಮಾತ್ರೆ ಬೆಕ್ಕಿಗೆ ಕೆಡುಕು, ಹೆಸರು ಹತ್ತಿರ ಇದೆ ಅಂತ ಅದನ್ನು ಕೊಟ್ಟುಬಿಡಬೇಡಿ. ಲೈಸಿನ್ ಪುಡಿ ಕೊಡಿ ಅಂತಲೂ ಯಾರಾದರೂ ಹೇಳುತ್ತಾರೆ. ಅದರಿಂದ ಲಾಭ ಇದೆ ಅಂತ ಅಧ್ಯಯನಗಳಲ್ಲಿ ಕಂಡಿಲ್ಲ, ಆ ದುಡ್ಡನ್ನು ಒಳ್ಳೆಯ ಊಟಕ್ಕೆ ಹಾಕಿ.

ಸಣ್ಣ ತೂಕದ ಯಂತ್ರ ಇದ್ದರೆ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಈ ವಯಸ್ಸಿನ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಕಣ್ಣು ಹೇಗೇ ಕಾಣಲಿ, ತೂಕ ಏರುತ್ತಿದ್ದರೆ ಮರಿ ಗೆಲ್ಲುತ್ತಿದೆ. ಇಳಿಯುತ್ತಿದ್ದರೆ ಮುಂದಿನ ತಪಾಸಣೆ ದಿನಕ್ಕೆ ಕಾಯದೆ ಫೋನ್ ಮಾಡಿ.

ಇನ್ನೊಬ್ಬರು:

ಡಾಕ್ಸಿಸೈಕ್ಲಿನ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕ್ಲಮೈಡಿಯಾ ಅಂತಾದರೆ ಸಾಮಾನ್ಯವಾಗಿ 4 ವಾರ ಕೊಡಬೇಕಾಗುತ್ತದೆ, ಜೊತೆಗಿರುವ ಎಲ್ಲ ಬೆಕ್ಕಿಗೂ. ಕಣ್ಣು ಅದಕ್ಕಿಂತ ಬೇಗ ಚೆನ್ನಾಗಿ ಕಾಣಲು ಶುರುವಾಗುತ್ತದೆ, ಅಲ್ಲಿಗೇ ನಿಲ್ಲಿಸುವವರೇ ಜಾಸ್ತಿ, ಆಮೇಲೆ ಮತ್ತೆ ಬರುತ್ತದೆ. ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಿ. ಮುಂದೆ ಯಾವಾಗಲಾದರೂ ಮಾತ್ರೆಗೆ ಬದಲಾಯಿಸಿದರೆ, ಬರೀ ಮಾತ್ರೆ ನುಂಗಿಸಿ ಬಿಡಬೇಡಿ. ಅದು ಗಂಟಲ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಟ್ಟು ಗಾಯ ಮಾಡಿ ನಾಳವನ್ನೇ ಕಿರಿದು ಮಾಡುತ್ತದೆ. ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು, ಬಾಯಿಯ ಪಕ್ಕದಿಂದ ನಿಧಾನವಾಗಿ. ಅಪರೂಪಕ್ಕೆ ಕ್ಲಮೈಡಿಯಾ ಮನುಷ್ಯರ ಕಣ್ಣಿಗೂ ಬರುತ್ತದೆ, ಔಷಧಿ ಹಾಕುವ ಹೊತ್ತಲ್ಲಿ ನಿಮ್ಮ ಕಣ್ಣು ಮುಟ್ಟಿಕೊಳ್ಳಬೇಡಿ.

ಚಿಗಟ ಇದ್ದರೆ ಅದನ್ನೂ ನೋಡಿ. ಇಷ್ಟು ಚಿಕ್ಕ ಮರಿಯಲ್ಲಿ ಚಿಗಟ ರಕ್ತ ಹೀರಿಯೇ ಸುಸ್ತು ಮಾಡುತ್ತವೆ. ವಸಡು ಬಿಳಿಚಿಕೊಂಡಿದ್ದರೆ ತಡ ಮಾಡಬಾರದು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ಪ್ರಾಣಕ್ಕೇ ಅಪಾಯ. ಸದ್ಯಕ್ಕೆ ಚಿಗಟದ ಬಾಚಣಿಗೆ ಸಾಕು.

ಕೇಳಿದವರು:

ಎರಡು ಮರಿ ಆಡುತ್ತಿವೆ, ತಾಯಿಯೂ ಒಳಗೆ ಬಂದಿದೆ. ಹುಣ್ಣಿನ ಮರಿಯ ಎಡಗಣ್ಣು ಮಾತ್ರ ಕೈಬಿಟ್ಟ ಹಾಗಿದೆ. ಗುಡ್ಡೆ ತೂತಾಗಿದೆ, ತೆಗೆದುಬಿಡುವುದೇ ಒಳ್ಳೆಯದು ಅಂದರು. ಊಟ ಚೆನ್ನಾಗಿ ಮಾಡುತ್ತದೆ. ನನಗೆ ಮನಸ್ಸು ಬರುತ್ತಿಲ್ಲ. ಹಾಗೇ ಒಣಗಲು ಬಿಟ್ಟರೆ ಆಗಲ್ವಾ?

ಉತ್ತರ:

ನಿಮ್ಮ ಸಂಕಟ ಅರ್ಥ ಆಗುತ್ತದೆ, ಆದರೆ ಬಿಡಬೇಡಿ. ತೂತಾದ ಕಣ್ಣು ಸುಮ್ನೆ ಒಣಗುವುದಿಲ್ಲ, ಒಳಗೆ ಸೋಂಕು, ನೋವು ಉಳಿದುಕೊಳ್ಳುತ್ತದೆ. ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿ ಅಲ್ಲ, ಊಟ ಮಾಡುತ್ತಿದೆ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ನೋಟ ಇಲ್ಲದೆ ನೋಯುವ ಕಣ್ಣಿಗಿಂತ ಕಣ್ಣಿಲ್ಲದ ಜಾಗವೇ ಅದಕ್ಕೆ ಹಾಯಾಗಿರುತ್ತದೆ. ಒಂದು ಕಣ್ಣಿನ ಬೆಕ್ಕು ಹತ್ತುತ್ತದೆ, ಹಾರುತ್ತದೆ, ಬೇಟೆ ಆಡುತ್ತದೆ. ನಿಂತು ದೂರ ಅಳೆಯುವಾಗ ತಲೆ ಸ್ವಲ್ಪ ಆ ಕಡೆ ಈ ಕಡೆ ಆಡಿಸುತ್ತದೆ, ಅಷ್ಟೇ. ಎರಡೂ ಕಣ್ಣು ಹೋದವೂ ಮನೆಯೊಳಗೆ ಚೆನ್ನಾಗಿ ಬದುಕುತ್ತವೆ. ಇದನ್ನು ಮಾತ್ರ ಮತ್ತೆ ಬೀದಿಗೆ ಬಿಡದೆ ಒಂದು ಮನೆ ಹುಡುಕಿ.

ಕೇಳಬೇಕಾದ ಪ್ರಶ್ನೆ ಯಾವಾಗ ಅನ್ನುವುದು. ಅರಿವಳಿಕೆ ತಡೆದುಕೊಳ್ಳಲು ಮರಿಗೆ ತಕ್ಕಷ್ಟು ತೂಕ ಇರಬೇಕು, ಮೂಗು, ಎದೆ ತಿಳಿಯಾಗಿರಬೇಕು. ಕೆಲವರು ಅಲ್ಲಿಯವರೆಗೆ ನೋವಿನ ಔಷಧಿ, ಆಂಟಿಬಯಾಟಿಕ್ ಕೊಟ್ಟು ಕಾಯುತ್ತಾರೆ, ಕಣ್ಣು ತೀರಾ ಕೆಟ್ಟಿದ್ದರೆ ಬೇಗ ಮಾಡುತ್ತಾರೆ. ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಉಪವಾಸ ಅಂತ ಸರಿಯಾಗಿ ಕೇಳಿಕೊಳ್ಳಿ, ದೊಡ್ಡ ಬೆಕ್ಕಿನ ಲೆಕ್ಕ ಮರಿಗೆ ಹಾಕಬಾರದು, ಸಕ್ಕರೆ ಅಂಶ ಬೇಗ ಇಳಿದುಬಿಡುತ್ತದೆ. ಆಮೇಲೆ ಹೊಲಿಗೆ ಮಾಯಲು 10ರಿಂದ 14 ದಿನ, ಅಲ್ಲಿಯವರೆಗೆ ಹೊಲಿಗೆ ಪರಚಿಕೊಳ್ಳದಂತೆ ಕುತ್ತಿಗೆಗೆ ಹಾಕುವ ಕೋನ್ ತೆಗೆಯಬೇಡಿ, ತಾಯಿ ನೆಕ್ಕುತ್ತಿದ್ದರೆ ರಾತ್ರಿ ಬೇರೆ ಮಲಗಿಸಿ.

ಆ ಮರಿಯ ಬಲಗಣ್ಣಿಗೂ ಅದೇ ಬಣ್ಣ ಹಾಕಿ ನೋಡಲು ಈ ಸಲ ಹೇಳಿ. ಈಗ ಅದಕ್ಕಿರುವುದು ಅದೊಂದೇ, ಅಲ್ವಾ. ಉಳಿದೆರಡು ಮರಿಗಳಲ್ಲಿ ಕಣ್ಣಿನ ಒಳಪೊರೆ ಗುಡ್ಡೆಗೆ ಅಂಟಿಕೊಂಡು ಬೆಳೆದಿದೆಯಾ ಅಂತಲೂ ನೋಡಿಸಿ, ಹರ್ಪಿಸ್ ಬಂದು ಹೋದ ಮರಿಗಳಲ್ಲಿ ಹಾಗಾಗುವುದುಂಟು. ಚೇತರಿಸಿಕೊಂಡ ಮೇಲೆ ಲಸಿಕೆ ಯಾವಾಗ ಶುರು ಮಾಡುವುದು ಅಂತ ಅದೇ ಸಲ ಬರೆಸಿಕೊಂಡು ಬನ್ನಿ, ಮತ್ತೆ ತಾಯಿಗೆ ಸಂತಾನಹರಣ ಆಪರೇಷನ್ ಯಾವಾಗ ಅಂತಲೂ.