ಸಹಾಯ ಬೇಕು: ಜಿರ್ಕೋನಿಯಂ ಡೈಬೊರೈಡ್ ಪುಡಿಯಲ್ಲಿ ಕಾರ್ಬೈಡ್ ಉಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಸೆರಾಮಿಕ್ಸ್ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ.

ಜಿರ್ಕೋನಿಯಂ ಡೈಬೊರೈಡ್ (ತುಂಬಾ ಬಿಸಿ ತಡೆಯುವ ಸೆರಾಮಿಕ್) ಮಾಡಲು ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್), ಬೋರಾನ್ ಕಾರ್ಬೈಡ್, ಕಾರ್ಬನ್ ಬೆರೆಸಿ ಗ್ರಾಫೈಟ್ ಕುಲುಮೆಯಲ್ಲಿ, ಆರ್ಗಾನ್ ಹರಿಸುತ್ತಾ 1600 ಡಿಗ್ರಿಗೆ ಕಾಯಿಸುತ್ತಿದ್ದೇನೆ. ಅಳತೆ 2:1:3 ಮೋಲ್. ಲೆಕ್ಕದ ಪ್ರಕಾರ ಡೈಬೊರೈಡ್ ಮಾತ್ರ ಉಳಿದು, ಮಿಕ್ಕಿದ್ದೆಲ್ಲ ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಗೆ ಹೋಗಬೇಕು, ಅಲ್ವಾ? ಆದರೆ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಪುಡಿಯಲ್ಲಿ ಯಾವ ವಸ್ತುಗಳಿವೆ ಎಂದು ನೋಡುವ ಪರೀಕ್ಷೆ; ತಾಮ್ರದ ಟ್ಯೂಬ್) 38.3 ಡಿಗ್ರಿ ಕೋನದ ಹತ್ತಿರ ಸಣ್ಣ ಉಬ್ಬು ಕಾಣುತ್ತಿದೆ. ಅದು ಜಿರ್ಕೋನಿಯಂ ಕಾರ್ಬೈಡಿನದೇ. ಅದರ ಇನ್ನೊಂದು ಪೀಕ್ 33ರ ಹತ್ತಿರ ಬರುತ್ತದೆ, ಡೈಬೊರೈಡಿನ 32.6ರ ಪೀಕಿಗೆ ಅಂಟಿಕೊಂಡು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ 38.3 ನೋಡದೆ ಪುಡಿ ಶುದ್ಧ ಅನ್ನಬೇಡಿ.

ನನ್ನ ಅನುಮಾನ ಕ್ರಿಯೆಯ ಮಧ್ಯೆ ಹುಟ್ಟುವ ಬೋರಾನ್ ಆಕ್ಸೈಡ್ ಮೇಲೆ. ಅದು 450 ಡಿಗ್ರಿಗೇ ಕರಗುತ್ತದೆ, 1100 ದಾಟಿದರೆ ಜೋರಾಗಿ ಆವಿಯಾಗಿ ಆರ್ಗಾನ್ ಜೊತೆ ಹೋಗಿಬಿಡುತ್ತದೆ. ಬೋರಾನ್ ಕಮ್ಮಿಯಾದರೆ ಉಳಿದ ಕಾರ್ಬನ್ ಜಿರ್ಕೋನಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ.

ಬೋರಾನ್ ಕಾರ್ಬೈಡನ್ನು 10–15% ಜಾಸ್ತಿ ಹಾಕಿದರೆ ಸಾಕಾ, ಜೊತೆಗೆ ಕಾರ್ಬನ್ ಕೂಡ ಇಳಿಸಬೇಕಾ? ವ್ಯಾಕ್ಯೂಮ್‌ನಲ್ಲಿ ಮಾನಾಕ್ಸೈಡ್ ಬೇಗ ಹೊರಗೆ ಹೋಗಿ ಕ್ರಿಯೆ ಕಡಿಮೆ ಬಿಸಿಯಲ್ಲೇ ಮುಗಿಯುತ್ತದೆ ನಿಜ, ಆದರೆ ಬೋರಾನ್ ನಷ್ಟ ಇನ್ನೂ ಹೆಚ್ಚುತ್ತದಾ? ಈಗಿರುವ ಪುಡಿಗೆ ಸ್ವಲ್ಪ ಬೋರಾನ್ ಕಾರ್ಬೈಡ್ ಸೇರಿಸಿ ಮತ್ತೆ ಕಾಯಿಸಿದರೆ ಜಿರ್ಕೋನಿಯಂ ಕಾರ್ಬೈಡ್ ಡೈಬೊರೈಡ್ ಆಗಬೇಕು, ಆದರೆ ಅದರಿಂದ ಬಿಡುಗಡೆಯಾಗುವ ಕಾರ್ಬನ್ ಏನು ಮಾಡುವುದು?

ಸುಮ್ನೆ ಬಿಸಿ ಏರಿಸಲು ಮನಸ್ಸಿಲ್ಲ. ಕಣಗಳು ದಪ್ಪಗಾದರೆ, 3245 ಡಿಗ್ರಿ ಆಸುಪಾಸು ಕರಗುವ ಈ ವಸ್ತುವನ್ನು ಆಮೇಲೆ ಸಿಂಟರ್ ಮಾಡುವುದು (ಪುಡಿಯನ್ನು ಕರಗಿಸದೆ ಕಾಯಿಸಿ ಗಟ್ಟಿ ತುಂಡಾಗಿಸುವುದು) ಬಹಳ ಕಷ್ಟ. ಮುಂದಿನ ವಾರ ಕುಲುಮೆ ಸಿಗುತ್ತದೆ, ಮಾಡಿ ನೋಡಿದವರು ನಿಮ್ಮ ಮಿಶ್ರಣದ ಅಳತೆ, ಎಷ್ಟು ಹೊತ್ತು ಹಿಡಿದಿರಿ ಅನ್ನುವುದನ್ನು ಇಲ್ಲೇ ಬರೆದರೆ ತುಂಬಾ ಉಪಕಾರ.