ಗೋಧಿ ಬಿಟ್ಟು ಹತ್ತು ತಿಂಗಳಾದರೂ ರಕ್ತಪರೀಕ್ಷೆಯ ಅಂಕಿ ಮಿತಿಗೆ ಇಳಿದಿಲ್ಲ: ಗ್ಲುಟೆನ್ ಎಲ್ಲಿಂದ ಬರುತ್ತಿರಬಹುದು?

ಪ್ರಶ್ನೆ – ಬಿಳಿಜೋಳ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಎರಡು ವರ್ಷ ಕಬ್ಬಿಣಾಂಶದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ಉಳಿದಾಗ, ಜೀರ್ಣಾಂಗ ತಜ್ಞರೊಬ್ಬರು ಟಿಟಿಜಿ ಎಂಬ ರಕ್ತಪರೀಕ್ಷೆಯನ್ನೂ ಆಮೇಲೆ ಸಣ್ಣ ಕರುಳಿನ ಬಯಾಪ್ಸಿಯನ್ನೂ ಮಾಡಿಸಿ, ಇದು ಸೀಲಿಯಕ್ ಕಾಯಿಲೆ, ಅಂದರೆ ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಪೆಟ್ಟು ಬೀಳುವ ಕಾಯಿಲೆ ಎಂದು ಖಚಿತಪಡಿಸಿದರು. ಅಂದಿನಿಂದ ಗೋಧಿ, ರವೆ, ಮೈದಾ, ಶಾವಿಗೆ, ಬಾರ್ಲಿ ಯಾವುದನ್ನೂ ಮುಟ್ಟಿಲ್ಲ. ಹಗಲು ಜೋಳದ ರೊಟ್ಟಿ, ರಾತ್ರಿ ಅನ್ನ, ಜೊತೆಗೆ ಬೇಳೆ, ಪಲ್ಯ, ಮೊಸರು, ಇಷ್ಟೇ ನನ್ನ ಊಟ. ಹೊರಗಡೆ ತಿನ್ನುವುದಿಲ್ಲ. ಹತ್ತು ತಿಂಗಳ ನಂತರ ಮಾಡಿಸಿದ ಪರೀಕ್ಷೆಯಲ್ಲಿ ಟಿಟಿಜಿ ಇಳಿದಿದೆಯಾದರೂ ಮಿತಿಗಿಂತ ಇನ್ನೂ ಬಹಳ ಮೇಲಿದೆ. ಹೊಟ್ಟೆಯುಬ್ಬರ ಮತ್ತು ಆಯಾಸ ಹೋಗಿಲ್ಲ. "ಎಲ್ಲೋ ಗೋಧಿ ಒಳಗೆ ಹೋಗುತ್ತಿದೆ, ಹುಡುಕಿ" ಎಂದು ವೈದ್ಯರು ಹೇಳಿದ್ದಾರೆ. ಅದು ಎಲ್ಲಿಂದ ಬರುತ್ತಿರಬಹುದು ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಸಣ್ಣದು, ಆದರೆ ಮನೆಯಲ್ಲಿ ದೊಡ್ಡದಾಗಿದೆ. ಶ್ರಾವಣದಲ್ಲಿ ನಮ್ಮಲ್ಲಿ ಸತ್ಯನಾರಾಯಣ ಪೂಜೆ ಇರುತ್ತದೆ. ಕಳೆದ ಸಲ ರವೆಯ ಸಪಾದ ಭಕ್ಷ್ಯವನ್ನು ನಾನು ಬೇಡವೆಂದಾಗ, ಪ್ರಸಾದವನ್ನು ತಿರಸ್ಕರಿಸಿದೆನೆಂದು ಅತ್ತೆಯವರು ಬಹಳ ನೊಂದುಕೊಂಡರು.

ಉತ್ತರ – ಕಾವೇರಿತೀರ, ಮೈಸೂರು

ಸಹೋದರಿ, ನನಗೂ ಇದೇ ಕಾಯಿಲೆಯಿದ್ದು, ಗೋಧಿ ಬಿಟ್ಟು ಒಂಬತ್ತು ವರ್ಷವಾಯಿತು. ಟಿಟಿಜಿ ಪೂರ್ತಿ ಇಳಿಯಲು ಕೆಲವರಿಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಧೈರ್ಯಗೆಡಬೇಡಿ. ಆದರೆ ಲಕ್ಷಣಗಳೂ ಉಳಿದಿರುವುದರಿಂದ ಹುಡುಕುವುದು ಸರಿಯೇ.

ಈ ಪ್ರಶ್ನೆ ಕೇಳಿದವರಿಗೆಲ್ಲ ಮೊದಲು ಸಿಗುವ ಉತ್ತರ ಇಂಗು. ಅದು ಸುಳ್ಳಲ್ಲ. ಅಂಗಡಿಯ ಪುಡಿ ಇಂಗಿನಲ್ಲಿ ನಿಜವಾದ ಇಂಗು ಸ್ವಲ್ಪವೇ ಇದ್ದು, ಉಳಿದದ್ದು ಗೋಂದು ಮತ್ತು ಹಿಟ್ಟು. ಡಬ್ಬಿಯ ಹಿಂದಿನ ಸಣ್ಣಕ್ಷರಗಳನ್ನು ಓದಿದರೆ ಆ ಹಿಟ್ಟು ಎಷ್ಟೋ ಸಲ ಗೋಧಿಯದೇ ಆಗಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಅದನ್ನೇ ತನ್ನಿ. ಕೊಂಡು ತಂದ ಉಪ್ಪಿನಕಾಯಿ ಮತ್ತು ಸಾರಿನ ಪುಡಿಯ ಡಬ್ಬಿಗಳನ್ನೂ ಓದಿ. ಆದರೂ ಒಗ್ಗರಣೆಗೆ ಹಾಕುವ ಒಂದು ಚಿಟಿಕೆ ಇಡೀ ಮನೆಯ ಸಾರಿಗೆ ಹಂಚಿಹೋಗುವುದರಿಂದ, ನಿಮ್ಮ ತೊಂದರೆಗೆ ಅದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಅನುಮಾನವೆಲ್ಲ ಗಿರಣಿಯ ಮೇಲೆ. ನಿಮ್ಮ ಜೋಳವನ್ನು ಎಲ್ಲಿ ಬೀಸಿಸುತ್ತೀರಿ? ನಿಮಗಿಂತ ಮೊದಲು ಬಂದವರು ಗೋಧಿ ಬೀಸಿಸಿದ್ದರೆ, ಕಲ್ಲುಗಳ ನಡುವೆ ಮತ್ತು ಹಿಟ್ಟು ಇಳಿಯುವ ದಾರಿಯಲ್ಲಿ ಉಳಿದದ್ದು ನಿಮ್ಮ ಡಬ್ಬಿಗೇ ಬರುತ್ತದೆ. 2 ಕಿಲೋ ಜೋಳದ ಹಿಟ್ಟಿಗೆ 50 ಗ್ರಾಂ ಗೋಧಿ ಹಿಟ್ಟು ಸೇರಿತೆಂದು ಊಹಿಸಿಕೊಳ್ಳಿ. ದಿನಕ್ಕೆ 150 ಗ್ರಾಂ ಹಿಟ್ಟಿನ ರೊಟ್ಟಿ ತಿಂದರೆ ಹೆಚ್ಚುಕಡಿಮೆ 4 ಗ್ರಾಂ ಗೋಧಿ ಹಿಟ್ಟು, ಅಂದರೆ ಸುಮಾರು 300 ಮಿಲಿಗ್ರಾಂ ಗ್ಲುಟೆನ್ ಹೊಟ್ಟೆ ಸೇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಎಂದರೆ ಒಂದು ಚಪಾತಿಯ ಐವತ್ತನೆಯ ಒಂದು ಪಾಲಿನಷ್ಟು ಗ್ಲುಟೆನ್ ತಿಂಗಳುಗಟ್ಟಲೆ ಹೋದರೂ ಕೆಲವರ ಕರುಳಿಗೆ ಪೆಟ್ಟು ಬೀಳುತ್ತದೆ. ನಾನು ಎರಡು ವರ್ಷ ರಾಗಿಹಿಟ್ಟಿನ ಮೂಲಕ ಹೀಗೆಯೇ ಗೋಧಿ ತಿಂದೆ. ಮುದ್ದೆಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಕೊನೆಗೆ ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ಕೊಂಡ ಮೇಲೆಯೇ ಪರೀಕ್ಷೆಯ ಅಂಕಿ ಮಿತಿಯೊಳಗೆ ಬಂದಿತು. ಬೀಸುವ ಮೊದಲು ಕಾಳನ್ನು ಮೊರದಲ್ಲಿ ಹರಡಿ ಆರಿಸಿರಿ, ಏಕೆಂದರೆ ಸಂತೆಯ ಚೀಲಗಳಲ್ಲಿ ಗೋಧಿ ಕಾಳು ಬೆರೆತಿರುವುದುಂಟು.

ಅಡುಗೆಮನೆಯಲ್ಲಿ ಚಪಾತಿಯನ್ನೂ ರೊಟ್ಟಿಯನ್ನೂ ಒಂದೇ ಹಂಚಿನಲ್ಲಿ ಬೇಯಿಸುತ್ತೀರಾ? ಹಿಟ್ಟು ನಾದುವ ಪರಾತ ಒಂದೆಯೇ? ಹಾಗಿದ್ದರೆ ನಿಮಗೆಂದು ಬೇರೆ ಹಂಚು, ಬೇರೆ ಪರಾತ ಇರಿಸಿಕೊಳ್ಳಿ.

ಉತ್ತರ – ಪರವೂರಿನವ, ಗುರುಗ್ರಾಮ

ನಾನು ಹಾವೇರಿ ಜಿಲ್ಲೆಯವನು; ಮಗನಿಗೆ ಈ ಕಾಯಿಲೆ ಪತ್ತೆಯಾದದ್ದು ಇಲ್ಲಿಗೆ ಬಂದ ಮೇಲೆ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಇದು ದಕ್ಷಿಣಕ್ಕಿಂತ ಹೆಚ್ಚು ಕಂಡುಬರುವುದರಿಂದ, ಇಲ್ಲಿ ರಕ್ತಹೀನತೆ ಗುಳಿಗೆಗೆ ಬಗ್ಗದಿದ್ದರೆ ವೈದ್ಯರಿಗೆ ಬೇಗ ಅನುಮಾನ ಬರುತ್ತದೆ. ಊಟದ ವಿಷಯದಲ್ಲಿ ಮಾತ್ರ ನಮ್ಮ ಊರೇ ವಾಸಿ. ರೊಟ್ಟಿ, ಮುದ್ದೆ, ನವಣೆ ಅನ್ನ, ನೀರುದೋಸೆ ಇವು ಯಾವುವೂ ಪಥ್ಯದ ಊಟವೆನಿಸುವುದಿಲ್ಲ.

ಎರಡು ಎಚ್ಚರಿಕೆ ಹೇಳಬೇಕು. ಬೆಳಗಾವಿ ಕಡೆಯ ಕಪ್ಲಿ ಗೋಧಿಯನ್ನು "ಇದು ಹಳೆಯ ತಳಿ, ನಿಮಗೂ ನಡೆಯುತ್ತದೆ" ಎಂದು ಮಾರುವವರಿದ್ದಾರೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಇನ್ನು ಪೊಟ್ಟಣದ ಹಿಟ್ಟು ಕೊಳ್ಳುವುದಾದರೆ "ಗ್ಲುಟೆನ್ ಫ್ರೀ" ಎಂಬ ಮುದ್ರೆ ನೋಡಿ ಕೊಳ್ಳಿ. ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬ ನಿಯಮವಿದೆ. ಓಟ್ಸ್‌ಗೂ ಇದೇ ಮಾತು, ಅದರಲ್ಲಿ ಗೋಧಿಯ ಬೆರಕೆ ಸಾಮಾನ್ಯ.

ಉತ್ತರ – ಹೊಸಬ, ಬೆಂಗಳೂರು

ಪರೀಕ್ಷೆಗಳೆಲ್ಲ ಏಕೆ ಬೇಕು ಎಂದು ನನ್ನ ಪ್ರಶ್ನೆ. ಚಪಾತಿ ತಿಂದರೆ ಹೊಟ್ಟೆ ಉಬ್ಬರಿಸುತ್ತಿತ್ತು, ಬಿಟ್ಟೆ, ಈಗ ಆರಾಮವಾಗಿದ್ದೇನೆ.

ಉತ್ತರ – ಕಾವೇರಿತೀರ, ಮೈಸೂರು

ನಿಮಗೆ ಆರಾಮವಾದದ್ದು ಸಂತೋಷ. ಆದರೆ ಗೋಧಿ ಬಿಟ್ಟ ಮೇಲೆ ಟಿಟಿಜಿಯೂ ಬಯಾಪ್ಸಿಯೂ ಸರಿಯಾದ ಉತ್ತರ ಕೊಡುವುದಿಲ್ಲ. ಖಚಿತವಾಗಬೇಕಾದರೆ ವೈದ್ಯರು ಹೇಳಿದಷ್ಟು ವಾರ ಮತ್ತೆ ಗೋಧಿ ತಿನ್ನಬೇಕಾಗುತ್ತದೆ. ನಿಮ್ಮದು ಸೀಲಿಯಕ್ ಅಲ್ಲದಿದ್ದರೆ ಒಂದು ಚೂರು ಚಪಾತಿಗೆ ಹೆದರಬೇಕಾಗಿಲ್ಲ. ಸೀಲಿಯಕ್ ಆಗಿದ್ದರೆ, ಹೊಟ್ಟೆ ಸುಮ್ಮನಿದ್ದರೂ ಮೂಳೆ ಸವೆಯುತ್ತಿರಬಹುದು, ಮತ್ತು ನಿಮ್ಮ ಮಕ್ಕಳಿಗೂ ಒಡಹುಟ್ಟಿದವರಿಗೂ ಪರೀಕ್ಷೆ ಆಗಬೇಕು.

ಉತ್ತರ – ಅಕ್ಕಿತರಿ, ಶಿವಮೊಗ್ಗ

ಪ್ರಸಾದದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗಾಗಿ ನಾವು ಸಪಾದವನ್ನು ಅಕ್ಕಿತರಿಯಲ್ಲಿ ಮಾಡುತ್ತೇವೆ. ಸಪಾದವೆಂದರೆ ಒಂದೂಕಾಲು. ಎಲ್ಲವನ್ನೂ ಒಂದೂಕಾಲು ಅಳತೆಯಲ್ಲಿ ತೆಗೆದುಕೊಳ್ಳುವ ಕ್ರಮವನ್ನು ಬಿಡದೆ, ರವೆಯ ಜಾಗದಲ್ಲಿ ಮಾತ್ರ ಅಕ್ಕಿತರಿ ಹಾಕಿದೆವು, ಪುರೋಹಿತರು ಅಡ್ಡಿಯಿಲ್ಲವೆಂದರು. ತೊಳೆದು ನೆರಳಿನಲ್ಲಿ ಆರಿಸಿದ ಅಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು, ತುಪ್ಪದಲ್ಲಿ ಘಮ ಬರುವಷ್ಟು ಹುರಿದು, ಹಾಲಿನ ಜೊತೆ ಸ್ವಲ್ಪ ನೀರನ್ನೂ ಸೇರಿಸಿ ಬೇಯಿಸಬೇಕು. ಸಕ್ಕರೆಯನ್ನು ತರಿ ಪೂರ್ತಿ ಬೆಂದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ. ನಿಮಗೆಂದು ಬೇರೆ ಬಟ್ಟಲಿನಲ್ಲಿ ಮಾಡಬೇಡಿ. ಎಲ್ಲರಿಗೂ ಅದನ್ನೇ ಹಂಚಿದರೆ ಅತ್ತೆಯವರ ಕೈಯಿಂದಲೇ ಪ್ರಸಾದ ತೆಗೆದುಕೊಳ್ಳಬಹುದು. ಹೋಳಿಗೆಗೆ ಮಾತ್ರ ನನಗೆ ದಾರಿ ಸಿಕ್ಕಿಲ್ಲ. ಅಕ್ಕಿಹಿಟ್ಟಿನ ಕಣಕ ಲಟ್ಟಿಸುವಾಗಲೇ ಹರಿಯುತ್ತದೆ, ಆದ್ದರಿಂದ ಅದೇ ಹೂರಣವನ್ನು ಉಕ್ಕರಿಸಿದ ಅಕ್ಕಿಹಿಟ್ಟಿನಲ್ಲಿ ತುಂಬಿ ಕಡುಬು ಮಾಡುತ್ತೇವೆ.

ಪ್ರಶ್ನೆ ಕೇಳಿದವರಿಂದ – ಬಿಳಿಜೋಳ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಹಂಚು ಬೇರೆ ಇತ್ತು, ಪರಾತ ಒಂದೇ ಆಗಿತ್ತು. ನಿನ್ನೆ ಹೊಸದನ್ನು ತಂದೆ. ಇಂಗಿನ ಡಬ್ಬಿಯಲ್ಲಿ ಮೈದಾ ಎಂದು ಬರೆದಿತ್ತು. ಆಮೇಲೆ ಗಿರಣಿಗೆ ಹೋದೆ. ಜೋಳಕ್ಕೂ ಗೋಧಿಗೂ ಅಲ್ಲಿ ಒಂದೇ ಕಲ್ಲು. ವಿಷಯ ಹೇಳಿದಾಗ ಗಿರಣಿಯವರು ಯಂತ್ರ ನಿಲ್ಲಿಸಿ, ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ್ದ ಬಟ್ಟೆಯ ತೋಳನ್ನು ಕೋಲಿನಿಂದ ನಾಲ್ಕು ಬಾರಿ ತಟ್ಟಿದರು. ಎರಡು ಹಿಡಿಯಷ್ಟು ಹಿಟ್ಟು ಉದುರಿತು. ಅದರಲ್ಲಿ ಸ್ವಲ್ಪ ಅಂಗೈಗೆ ಹಾಕಿಕೊಂಡು ನೀರು ಚಿಮುಕಿಸಿ ನಾದಿ ನೋಡಿದೆ. ಜೋಳದ ಹಿಟ್ಟಾಗಿದ್ದರೆ ಎಳೆದ ಕೂಡಲೇ ಬಿರಿಯಬೇಕಿತ್ತು. ಇದು ಗೋಧಿ ಹಿಟ್ಟಿನ ಹಾಗೆ ದಾರದಂತೆ ಹಿಗ್ಗಿತು. ಮನೆಯಲ್ಲಿದ್ದ ಹಿಟ್ಟನ್ನು ಪಕ್ಕದ ಮನೆಯವರಿಗೆ ಕೊಟ್ಟು, ಸದ್ಯಕ್ಕೆ ಅನ್ನದಲ್ಲೇ ಇದ್ದೇನೆ. ಸಣ್ಣ ಯಂತ್ರಕ್ಕೆ ಎಷ್ಟಾಗುತ್ತದೆಂದು ಮನೆಯವರು ವಿಚಾರಿಸುತ್ತಿದ್ದಾರೆ. ಅದರಲ್ಲಿ ಬಿಳಿಜೋಳ ರೊಟ್ಟಿಗೆ ಬೇಕಾದಷ್ಟು ನುಣ್ಣಗೆ ಬೀಳುತ್ತದೆಯೇ, ಅಥವಾ ಜರಡಿ ಬದಲಿಸಬೇಕೇ ಎಂಬುದನ್ನು ಬಳಸಿದವರು ತಿಳಿಸಿದರೆ ಉಪಕಾರವಾಗುತ್ತದೆ.